ಅನ್ನ ಅಂದೆ, ಅಣ್ಣ ಅಂತ ಕೇಳಿಸಿತು

ನನಗೆ ಸುಶಿಯ ಬಗ್ಗೆ ಏನೂ ಗೊತ್ತಿಲ್ಲ. ಈಗ ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. "ಎಂಥ ವಿನಯ ನೋಡಿ" ಅನ್ನುತ್ತಾರೆ. ನನಗೆ ವಿನಯವೂ ಗೊತ್ತಿಲ್ಲ. ನಾನು ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟ ಪಂಪು, ನಿಂತ ಫ್ಯಾನು, ಹೊಗೆ ಬಿಟ್ಟ ಮಿಕ್ಸಿ ತಂದುಕೊಟ್ಟರೆ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು ಕೊಡುತ್ತೇನೆ. ಓದಿದ್ದು ಹಳ್ಳಿ ಶಾಲೆಯಲ್ಲಿ. ಕೋಪ ಬೇಗ ಬರುತ್ತದೆ, ಬಂದದ್ದು ಸುಲಭಕ್ಕೆ ಹೋಗುವುದಿಲ್ಲ. ಈ ರಾಮಾಯಣವೆಲ್ಲ ಶುರುವಾದದ್ದು ಆ ಕೋಪದಿಂದಲೇ.

ನಾವಿರುವ ಕಟ್ಟಡದ ಕೆಳಗೆ ಮೊದಲು ಒಂದು ಚಪ್ಪಲಿ ಅಂಗಡಿ ಇತ್ತು. ಅದು ಮುಚ್ಚಿ ಅಲ್ಲಿ ಸುಶಿ ಅಂಗಡಿ ಬಂತು. ಸುಶಿ ಎಂದರೆ ಸ್ವಲ್ಪ ಹುಳಿ, ಸ್ವಲ್ಪ ಸಿಹಿ ಬೆರೆಸಿದ ಅನ್ನವನ್ನು ಬೆರಳುದ್ದ ಒತ್ತಿ, ಅದರ ಮೇಲೆ ಹಸಿ ಮೀನಿನ ಹೋಳು ಮಲಗಿಸಿ ಕೊಡುವ ತಿಂಡಿ. ಇಷ್ಟು ನನಗೆ ತಿಳಿದದ್ದು ಕ್ಷೌರದ ಅಂಗಡಿಯ ಟೀವಿಯಿಂದ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಾಗ ಒಬ್ಬ ಹೆಂಗಸು ಟೀವಿಯಲ್ಲಿ ಒಳ್ಳೆಯ ಸುಶಿ ಅಂಗಡಿಯನ್ನು ಹೇಗೆ ಗುರುತಿಸಬೇಕೆಂದು ಹೇಳುತ್ತಿದ್ದಳು. ಬಾಗಿಲಲ್ಲಿ ಮೀನಿನ ವಾಸನೆ ಬರಬಾರದಂತೆ. ಮೊದಲು ನೋಡಬೇಕಾದದ್ದು ಮೀನನ್ನಲ್ಲ, ಅನ್ನವನ್ನಂತೆ. "ಅನ್ನ ಬಾಯಿಗಿಟ್ಟ ಕೂಡಲೇ" ಎಂದು ಆಕೆ ಅನ್ನುವ ಹೊತ್ತಿಗೆ ಸರಿಯಾಗಿ ಕ್ಷೌರದವನು ನನ್ನ ಕಿವಿಯ ಪಕ್ಕ ಮೆಷಿನ್ ಚಾಲೂ ಮಾಡಿದ. ಬಾಯಿಗಿಟ್ಟ ಕೂಡಲೇ ಅನ್ನ ಏನು ಮಾಡಬೇಕು ಎಂಬುದು ಆ ಗುರ್‌ಗುರ್ ಸದ್ದಿನಲ್ಲಿ ಮುಳುಗಿಹೋಯಿತು. ನನಗೂ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಅದೇ ಸಂಜೆ ಲಿಫ್ಟಿನಲ್ಲಿ ಮ್ಯಾನೇಜರು ಸಿಕ್ಕಿದರು. ಮೇಲಿನ ಮಹಡಿಯಲ್ಲಿರುವ ಇವರು ಯಾವ ಕಂಪನಿಯಲ್ಲಿ ಮ್ಯಾನೇಜರಾಗಿದ್ದರೋ ಯಾರಿಗೂ ಗೊತ್ತಿಲ್ಲ. ರಿಟೈರಾದ ಮೇಲೆ ನಮ್ಮನ್ನೆಲ್ಲ ಮ್ಯಾನೇಜ್ ಮಾಡುತ್ತಿದ್ದಾರೆ.

"ಕೆಳಗೆ ಸುಶಿ ಬಂದಿದೆ, ನೋಡಿದ್ರಾ?" ಎಂದರು.

"ನೋಡ್ದೆ."

"ನಿಮ್ಮಂಥೋರಿಗೆ ಅದೆಲ್ಲ ತಿಳಿಯಲ್ಲ ಬಿಡಿ. ಅದಕ್ಕೆ ಒಂದು ಇದು ಬೇಕು."

"ಏನು ಬೇಕು?"

"ಒಂದು… ಇದು." ಹೆಬ್ಬೆರಳು ತೋರುಬೆರಳನ್ನು ಗಾಳಿಯಲ್ಲಿ ಉಜ್ಜಿ ತೋರಿಸಿದರು.

ದಿನವಿಡೀ ಒಂದು ಪಂಪಿನ ಜೊತೆ ಗುದ್ದಾಡಿ ಬಂದಿದ್ದೆ. ಸೊಂಟ ನೋಯುತ್ತಿತ್ತು. ಸುಮ್ಮನಿದ್ದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆ ಬೆರಳು ಉಜ್ಜಿದ್ದು ನೋಡಿ ಪಿತ್ತ ನೆತ್ತಿಗೇರಿತು.

"ಕೇಳಿ ಸ್ವಾಮಿ," ಎಂದೆ. "ಬಾಗಿಲಲ್ಲಿ ಮೀನಿನ ವಾಸನೆ ಬಂದ್ರೆ ಆ ಅಂಗಡಿ ಒಳಗೆ ಕಾಲೇ ಇಡಬಾರದು. ಒಳಗೆ ಹೋದ್ಮೇಲೆ ಮೀನು ನೋಡೋನು ದಡ್ಡ. ಮೀನು ಯಾರು ಬೇಕಾದ್ರೂ ಕೊಂಡು ತರ್ತಾರೆ. ಅನ್ನ ನೋಡ್ಬೇಕು. ಬಾಯಿಗಿಟ್ಟ ಕೂಡ್ಲೇ ಆ ಅನ್ನ…"

ಅಷ್ಟಕ್ಕೆ ನನ್ನ ಮಹಡಿ ಬಂತು, ಬಾಗಿಲು ತೆರೆಯಿತು. ನಾನು ಇಳಿದೆ. ಬಾಗಿಲು ಮುಚ್ಚುವಾಗ ಮ್ಯಾನೇಜರ ಬಾಯಿ ಇನ್ನೂ ತೆರೆದೇ ಇತ್ತು. ಮಾತು ಅಲ್ಲಿಗೆ ನಿಂತದ್ದೇ ಅನಾಹುತವಾಯಿತು. ಪೂರ್ತಿ ಹೇಳಿದವನು ತಪ್ಪು ಹೇಳಿದ್ದಾನೆಂದು ಯಾರಾದರೂ ಹಿಡಿಯಬಹುದು. ಅರ್ಧಕ್ಕೆ ನಿಲ್ಲಿಸಿದವನನ್ನು ಹಿಡಿಯುವುದು ಹೇಗೆ?

ಒಂದು ವಾರದಲ್ಲಿ ನಾನು ಹಿಂದೆ ಹಡಗಿನ ಅಡುಗೆಮನೆಯಲ್ಲಿದ್ದೆ ಎಂಬ ಸುದ್ದಿ ಮೊದಲ ಮಹಡಿಯಲ್ಲಿ ಹುಟ್ಟಿತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಆ ಹಡಗಿನಲ್ಲಿ ಒಬ್ಬ ಅಡುಗೆಯವನು ನಾನು ತಟ್ಟೆ ತಳ್ಳಿದ್ದಕ್ಕೆ ಕೆಲಸ ಬಿಟ್ಟು ಸಮುದ್ರಕ್ಕೆ ಹಾರಿದ್ದ. ಮೇಲಿನ ಮಹಡಿಗೆ ತಲುಪುವಷ್ಟರಲ್ಲಿ ಅವನು ಈಜಿ ದಡ ಸೇರಿ ಅಡುಗೆಯಲ್ಲಿ ಸುಧಾರಿಸಿದ್ದ. ನನ್ನ ಮೂಗಿನ ಕಥೆಯೂ ಇದಕ್ಕೆ ಸೇರಿಕೊಂಡಿತು. ಮೋಟಾರನ್ನು ಮೂಸಿಯೇ ಯಾವ ಸುತ್ತು ಸುಟ್ಟಿದೆಯೆಂದು ಹೇಳುತ್ತೇನೆ ಅಂತ ನನಗೆ ಬಹಳ ವರ್ಷದಿಂದ ಹೆಸರಿದೆ. ನಿಜ ಸಂಗತಿ ನನ್ನ ಹೆಂಡತಿಗೊಬ್ಬಳಿಗೇ ಗೊತ್ತು. ವಾರ್ನಿಷ್ ಹೊಗೆ ಕುಡಿದು ಕುಡಿದು ನನ್ನ ಮೂಗು ಯಾವತ್ತೋ ಸತ್ತುಹೋಗಿದೆ. ನಾನು ಮೋಟಾರ್ ಮೂಸಿ, "ಸುಟ್ಟ ವಾಸನೆ ಯಾವಾಗ ಬಂತು?" ಎಂದು ಗಿರಾಕಿಯನ್ನೇ ಕೇಳುತ್ತೇನೆ. ಅವನೇ ಎಲ್ಲ ಹೇಳುತ್ತಾನೆ. ಹಾಲು ಉಕ್ಕಿ ಒಲೆಗೆ ಬಿದ್ದು ಸೀದರೂ ನನಗೆ ತಿಳಿಯುವುದು ಹೆಂಡತಿ ಬೈದ ಮೇಲೆ.

ಆಮೇಲೆ ಕಟ್ಟಡದ ಸಂಘದ ಸಭೆ ಬಂತು. ಕೆಳಗಿನ ಅಂಗಡಿ ಸಂಘದ್ದು. ನೋಡೋಣವೆಂದು ಮೊದಲು ಕೆಲವೇ ತಿಂಗಳಿಗೆ ಮಾಡಿಕೊಂಡಿದ್ದ ಬಾಡಿಗೆ ಕರಾರು ಮುಗಿಯುತ್ತಾ ಬಂದಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂಬುದೇ ವಿಷಯ. ಸುಶಿಯವನು ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮೂವತ್ತು ದಾಟಿದ ಸಣಕಲು ಆಳು. ಯಾರು ಮಾತಾಡಿದರೂ ತಾನೇ ತಪ್ಪು ಮಾಡಿದವನಂತೆ ತಲೆ ಆಡಿಸುತ್ತಿದ್ದ.

"ಮೆಟ್ಟಿಲೆಲ್ಲ ನಾರ್ತಾ ಇದೆ," ಎಂದರು ಮ್ಯಾನೇಜರು. "ಮೊನ್ನೆ ನಮ್ಮನೆಗೆ ಬಂದ ಬೀಗರು ಮೂಗು ಮುಚ್ಕೊಂಡು ಹತ್ತಿದ್ರು."

"ಅವ್ರು ನಿಮ್ಮನೆಗೆ ಬರೋವಾಗ ಯಾವಾಗ್ಲೂ ಹಾಗೇ ಹತ್ತೋದು," ಎಂದಿತು ಎರಡನೇ ಮಹಡಿಯ ಅಜ್ಜಿ. ಆಕೆಗೆ ಕಿವಿ ಮಂದ, ಬಾಯಿ ಚುರುಕು.

"ಹಸಿ ಮೀನು ಅಂದ್ರೆ ಹುಡುಗಾಟ ಅಲ್ಲ. ನಾಳೆ ಯಾರಾದ್ರೂ ತಿಂದು ಮಲಗಿದ್ರೆ ಸಂಘಕ್ಕೆ ಕೆಟ್ಟ ಹೆಸರು. ಅಲ್ಲಿ ಏನಾದ್ರೂ ಶುಚಿಯಾದ್ದು ಬರಲಿ. ವ್ಯಾಯಾಮ ಶಾಲೆ, ಅಂಥದ್ದು."

ಮ್ಯಾನೇಜರ ಅಳಿಯ ವ್ಯಾಯಾಮ ಶಾಲೆಗೆ ಜಾಗ ಹುಡುಕುತ್ತಿದ್ದ ವಿಷಯ ಎಲ್ಲರಿಗೂ ಗೊತ್ತಿತ್ತು.

ಸೆಕ್ರೆಟರಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಕೆಲಸ ಬಿತ್ತು ಅಂತ ಅರ್ಥ. "ನಾವ್ಯಾಕೆ ಕಿತ್ತಾಡೋದು? ತಿಳಿದೋರು ನಮ್ಮಲ್ಲೇ ಇದ್ದಾರೆ. ಭಾನುವಾರ ಮಧ್ಯಾಹ್ನ ಅವರು ತಿಂದು ನೋಡಿ ಹೇಳ್ಲಿ. ಚೆನ್ನಾಗಿದೆ ಅಂದ್ರೆ ಅಂಗಡಿ ಇರ್ಲಿ, ಇಲ್ಲ ಅಂದ್ರೆ ಖಾಲಿ ಮಾಡ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಗೋಡೆ ಇತ್ತು.

"ನಂಗೇನೂ ಗೊತ್ತಿಲ್ಲ ಮೇಡಂ," ಎಂದೆ.

"ತಿಳಿದೋರು ಹೀಗೇ ಅನ್ನೋದು," ಎಂದರು ಮೇಡಂ.

"ಅಲ್ಲ, ನಿಜವಾಗ್ಲೂ ಗೊತ್ತಿಲ್ಲ. ನಾನದನ್ನ ತಿಂದೇ ಇಲ್ಲ."

"ಇಲ್ಲಿಯದನ್ನ ಅವರೆಲ್ಲಿ ತಿಂತಾರೆ," ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. "ಹಡಗಿನ ನಾಲಿಗೆ."

ನಾನು ರೇಗಿ ಎದ್ದು ಹೊರಗೆ ಬಂದೆ. ಅದನ್ನು ಒಪ್ಪಿಗೆ ಅಂತ ತೀರ್ಮಾನಿಸಿದರಂತೆ.

ಶುಕ್ರವಾರ ಸುಶಿಯವನು ನನ್ನ ರಿಪೇರಿ ಅಂಗಡಿಗೆ ಬಂದ. ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡಂತೆ ದೊಡ್ಡದೊಂದು ರೈಸ್ ಕುಕ್ಕರ್ ಹಿಡಿದಿದ್ದ.

"ಅಣ್ಣ, ಇದು ಬಿಸಿ ಆಗ್ತಿಲ್ಲ. ಭಾನುವಾರಕ್ಕೆ ಅನ್ನ ಆಗ್ಬೇಕಣ್ಣ. ಅನ್ನ ಇಲ್ದಿದ್ರೆ ನನ್ನ ಕಥೆ ಮುಗೀತಣ್ಣ."

"ಒಂದೇ ಉಸಿರಲ್ಲಿ ಎಷ್ಟು ಸಲ ಅಣ್ಣ, ಎಷ್ಟು ಸಲ ಅನ್ನ ಅಂತೀಯ? ಯಾವುದು ನಾನು, ಯಾವುದು ಊಟ ಅಂತ ತಿಳೀಬೇಡ್ವಾ?"

ನಮ್ಮ ಹಳ್ಳಿಯ ಮೇಷ್ಟ್ರು ಇದರಲ್ಲಿ ಬಹಳ ಕಟ್ಟುನಿಟ್ಟು. ನಾಲಿಗೆ ಹಲ್ಲಿಗೆ ತಾಗಿದರೆ ನ, ಮೇಲಕ್ಕೆ ಮಡಚಿದರೆ ಣ. ಮಡಚದಿದ್ದರೆ ಕಿವಿ ಹಿಂಡುತ್ತಿದ್ದರು. ನಾನು ಕಲಿತ ವಿದ್ಯೆಯಲ್ಲಿ ಇದೊಂದು ಮಾತ್ರ ಗಟ್ಟಿಯಾಗಿ ಉಳಿದಿದೆ.

ಕುಕ್ಕರ್ ಬೋರಲು ಹಾಕಿ ತಳ ಬಿಚ್ಚಿದೆ. ಒಂದು ತಂತಿ ಕಳಚಿತ್ತು. ಹೊಸ ತಂತಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಪ್ಲಾಸ್ಟಿಕ್ ಎಳೆದು, ಬೆಸುಗೆ ಹಾಕಿ ಕೂರಿಸಿದೆ. ಇಕ್ಕಳವಿದ್ದರೂ ಹಲ್ಲಲ್ಲೇ ಎಳೆಯುವುದು ನನ್ನ ಚಾಳಿ. ಹೆಂಡತಿ ಬೈದು ಬೈದು ಬಿಟ್ಟಿದ್ದಾಳೆ. ಬೆಸುಗೆಯ ಸೀಸ ಒಂದೆರಡು ಹನಿ ಆಚೀಚೆ ಸಿಡಿಯಿತು. ಅದು ಇದ್ದದ್ದೇ.

ಸುಶಿಯವನು ಹೋಗಲಿಲ್ಲ. ಬಾಗಿಲಲ್ಲೇ ನಿಂತ.

"ಅಣ್ಣ, ಒಂದು ಮಾತು. ಬಾಯಿಗಿಟ್ಟ ಕೂಡ್ಲೇ ಅನ್ನ ಹೇಗಿರ್ಬೇಕು? ನೀವು ಲಿಫ್ಟಲ್ಲಿ ಅರ್ಧ ಹೇಳಿದ್ರಂತೆ. ಮ್ಯಾನೇಜರು ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ದಾರೆ."

"ನೀನು ಎಲ್ಲಿ ಕಲಿತೆಯೋ ಅಲ್ಲಿ ಹೇಳಿಲ್ವಾ?"

"ನಾನು ಕಲಿತಿದ್ದು ಒಂದು ದೊಡ್ಡ ಹೋಟೆಲಲ್ಲಿ. ಅಲ್ಲಿನ ಹಿರಿ ಅಡುಗೆಯವ್ರು ಮಾತೇ ಆಡ್ತಿರ್ಲಿಲ್ಲ. ಸರಿ ಇದ್ರೆ ಸುಮ್ನಿರೋರು, ಸರಿ ಇಲ್ದಿದ್ರೆ ಬಕೆಟ್ಟಿಗೆ ಸುರಿಯೋರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ನನಗೂ ಗೊತ್ತಿಲ್ಲ ಅಂತ ಆವತ್ತೇ ಹೇಳಬಹುದಾಗಿತ್ತು. ಅವನ ಮುಖ ನೋಡಿದರೆ ಅದನ್ನೂ ದೊಡ್ಡ ತತ್ವವೆಂದು ತಿಳಿದು ತಲೆ ಆಡಿಸುವ ಹಾಗೆ ಕಂಡ. "ಹೋಗಯ್ಯಾ, ಕೆಲಸ ಇದೆ," ಎಂದು ಗದರಿ ಕಳಿಸಿದೆ.

ಮನೆಗೆ ಬಂದರೆ ಅಲ್ಲಿ ಇನ್ನೊಂದು. ಸುಶಿಯವನ ಹೆಂಡತಿ ಬಂದು ನನ್ನ ಹೆಂಡತಿಯ ಮುಂದೆ ಅತ್ತು ಹೋಗಿದ್ದಳು.

"ರೀ, ಪಾಪ ಕಣ್ರೀ ಅವ್ರು," ಎಂದಳು ನನ್ನವಳು ತಟ್ಟೆ ಇಡುತ್ತಾ. "ಆ ಹುಡುಗಿ ಕಿವಿಯಲ್ಲಿದ್ದ ಓಲೇನೂ ಅಂಗಡಿಗೇ ಹಾಕಿದ್ದಾಳೆ. ಇದೂ ಹೋದ್ರೆ ಅವನು ವಾಪಸ್ ಅಣ್ಣಂದಿರ ಮನೆ ಬಾಗಿಲಿಗೆ ಹೋಗಿ ನಿಲ್ಬೇಕಂತೆ. ಅವರೆಲ್ಲ ಮೊದ್ಲೇ ಹೇಳಿದ್ರಂತೆ, ನಿನ್ನ ಕೈಲಿ ಏನಾಗುತ್ತೆ ಅಂತ. ನೀವೇನಾದ್ರೂ ನಿಮ್ಮ ಹಾಳು ಕೋಪದಲ್ಲಿ ಅವನ ಅನ್ನಕ್ಕೆ ಕಲ್ಲು ಹಾಕೀರಾ ಮತ್ತೆ."

"ನಾನ್ಯಾಕೆ ಹಾಕ್ಲಿ?"

"ಹಾಕೋರು ಯಾರೂ ಹಾಕ್ತೀನಿ ಅಂತ ಹೇಳಿ ಹಾಕಲ್ಲ. ಬಾಯಿ ಬಿಟ್ರೆ ಸಾಕು, ತಾನೇ ಬೀಳುತ್ತೆ. ಭಾನುವಾರ ಬಾಯಿ ಸ್ವಲ್ಪ ಬಿಗಿ ಹಿಡ್ಕೊಳ್ಳಿ."

ಆಕೆ ಹೇಳಿದ ಮಾತನ್ನು ನಾನು ಇಷ್ಟು ಅಕ್ಷರಶಃ ಪಾಲಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಭಾನುವಾರ ಮಧ್ಯಾಹ್ನ ಇಡೀ ಕಟ್ಟಡ ಆ ಅಂಗಡಿಯಲ್ಲಿತ್ತು. ಚಪ್ಪಲಿ ಅಂಗಡಿಯವನು ಬಿಟ್ಟು ಹೋದ ಕನ್ನಡಿ ಇನ್ನೂ ಗೋಡೆಯ ಬುಡದಲ್ಲಿತ್ತು. ಚಪ್ಪಲಿ ಹಾಕಿಕೊಂಡು ನೋಡಲು ಇಟ್ಟದ್ದು. ಅದರಲ್ಲಿ ತಿನ್ನಲು ಕೂತವರ ಮುಖ ಕಾಣುವುದಿಲ್ಲ, ಪಾದ ಮಾತ್ರ ಕಾಣುತ್ತದೆ. ಬೂಟು ಹೊರಗೆ ಬಿಟ್ಟು ಬಂದ ಮ್ಯಾನೇಜರ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದದ್ದು ಎಲ್ಲರಿಗೂ ಕಾಣುತ್ತಿತ್ತು.

ಮೊದಲು ಬಾಗಿಲಿನ ಪರೀಕ್ಷೆ. ಸೆಕ್ರೆಟರಿ ಮೇಡಂ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿ ಮೂಸಿದೆ.

"ಏನು ಬಂತು?" ಎಂದರು ಮೇಡಂ.

"ಏನೂ ಬರ್ಲಿಲ್ಲ."

ಸತ್ಯವನ್ನೇ ಹೇಳಿದೆ. ಅಲ್ಲಿ ಸತ್ತ ತಿಮಿಂಗಿಲ ಬಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

"ನಂಗೆ ಬರ್ತಿದೆಯಲ್ಲ," ಎಂದರು ಮ್ಯಾನೇಜರು.

"ಕನ್ನಡಿ ನೋಡ್ಕೊಳ್ಳಪ್ಪ, ಎಲ್ಲಿಂದ ಬರ್ತಿದೆ ಗೊತ್ತಾಗುತ್ತೆ," ಎಂದಿತು ಅಜ್ಜಿ. ಮ್ಯಾನೇಜರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ನನ್ನನ್ನು ಕಟ್ಟೆಯ ಮುಂದೆ ಎತ್ತರದ ಕುರ್ಚಿಗೆ ಹತ್ತಿಸಿದರು. ಸುಶಿಯವನು ಕೈ ಒದ್ದೆ ಮಾಡಿಕೊಂಡು ಅನ್ನ ತೆಗೆದು ಒತ್ತಿದ, ಮೇಲೆ ಕೆಂಪು ಮೀನಿನ ಹೋಳು ಇಟ್ಟ, ನನ್ನ ಮುಂದಿಟ್ಟ. ಅವನ ಹೆಂಡತಿ ಗಲ್ಲಾದ ಹಿಂದೆ ಒಂದು ಕೈ ಒರೆಸುವ ಬಟ್ಟೆಯನ್ನು ಹಿಂಡುತ್ತಾ ನಿಂತಿದ್ದಳು. ಆ ಬಟ್ಟೆ ಒಣಗಿತ್ತು. ತಟ್ಟೆಯ ಮೂಲೆಯಲ್ಲಿ ಹಸಿರು ಗ್ರೀಸಿನಂಥ ಒಂದು ಉಂಡೆ ಇತ್ತು.

"ತಿಳಿದೋರು ಆ ಹಸಿರನ್ನ ಹೇಗೆ ತಿಂತಾರೆ ನೋಡೋಣ," ಎಂದರು ಮ್ಯಾನೇಜರು.

ಮತ್ತೆ ಬೆರಳು ಉಜ್ಜಿದರು. ಮತ್ತೆ ನನಗೆ ಪಿತ್ತ ಕೆರಳಿತು. ಬೇರಿಂಗಿಗೆ ಗ್ರೀಸ್ ಮೆತ್ತುವ ಹಾಗೆ ಪೂರಾ ಉಂಡೆಯನ್ನು ಬೆರಳಲ್ಲಿ ಬಳಿದು ಮೀನಿನ ಮೇಲೆ ಸವರಿ, ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಚ್ಚಿದೆ.

ಕಟ್ ಎಂದಿತು.

ಕಲ್ಲು ಅಂದುಕೊಂಡೆ. ಅನ್ನದಲ್ಲಿ ಕಲ್ಲು. ಉಗಿದುಬಿಡೋಣ ಎನ್ನುವಷ್ಟರಲ್ಲಿ ನಾಲಿಗೆಗೆ ಲೋಹದ ರುಚಿ ತಾಗಿತು. ಆ ರುಚಿ ನನಗೆ ಚೆನ್ನಾಗಿ ಗೊತ್ತು. ದಿನವೂ ತಂತಿ ಕಚ್ಚುವವನು. ಕುಕ್ಕರ್ ಕಣ್ಣ ಮುಂದೆ ಬಂತು. ಸಿಡಿದ ಸೀಸದ ಹನಿಗಳು ಕಣ್ಣ ಮುಂದೆ ಬಂದವು. ಕಲ್ಲು ಹಾಕಬೇಡಿ ಅಂತ ಹೆಂಡತಿ ಹೇಳಿ ಕಳಿಸಿದ್ದಳು. ನಾನು ಅದಕ್ಕೂ ಮುಂಚೆಯೇ, ನನ್ನ ಅಂಗಡಿಯಲ್ಲಿ ಕೂತು, ಬೆಸುಗೆ ಕಡ್ಡಿ ಹಿಡಿದು, ಕಾಸು ತಗೊಂಡು ಹಾಕಿ ಮುಗಿಸಿದ್ದೆ.

ಅಷ್ಟರಲ್ಲಿ ಆ ಹಸಿರು ಗ್ರೀಸಿನ ಖಾರ ಕೆಲಸ ಶುರು ಮಾಡಿತು. ಸತ್ತ ಮೂಗಿನೊಳಗೆ ಯಾರೋ ದೀಪ ಹಚ್ಚಿದ ಹಾಗಾಯಿತು. ಎರಡು ಕಣ್ಣಿನಿಂದ ನೀರು ಸುರಿಯಿತು. ಅನ್ನ, ಮೀನು ಎಲ್ಲ ಗಂಟಲಿಗಿಳಿದವು, ಆ ಗಟ್ಟಿ ಚೂರು ಮಾತ್ರ ಉಳಿಯಿತು. ನುಂಗಲು ಧೈರ್ಯ ಬರಲಿಲ್ಲ. ಉಗಿಯುವ ಹಾಗಿರಲಿಲ್ಲ. ನಾಲಿಗೆಯ ಕೆಳಗೆ ಸೇರಿಸಿ ಬಾಯಿ ಬಿಗಿದು ಕೂತೆ.

"ಅಳ್ತಿದ್ದಾರೆ," ಎಂದು ಯಾರೋ ಪಿಸುಗುಟ್ಟಿದರು.

"ಹಡಗು ನೆನಪಾಗಿರ್ಬೇಕು," ಎಂದರು ಇನ್ನೊಬ್ಬರು.

ಮೇಡಂ ಹತ್ತಿರ ಬಂದರು. "ಹೇಗಿದೆ?"

"ಹ್ಞೂಂ," ಎಂದೆ ಮೂಗಿನಲ್ಲಿ.

"ಹ್ಞೂಂ ಅಂದ್ರೆ?"

"ಹ್ಞೂಂ."

ಮ್ಯಾನೇಜರು ಎದ್ದು ನಿಂತರು. ಬಹಳ ವರ್ಷ ಯಾರದೋ ಹಾಜರಿ ಹಿಡಿದ ಕಣ್ಣು ಅವರದು. "ಬಾಯಲ್ಲಿ ಏನೋ ಇಟ್ಕೊಂಡಿದ್ದಾರೆ. ನಂಗೆ ಕಟ್ ಅಂತ ಕೇಳಿಸ್ತು. ಅನ್ನದಲ್ಲಿ ಏನೋ ಸಿಕ್ಕಿದೆ. ಬಾಯಿ ತೆಗೀರಿ ನೋಡೋಣ."

ಸುಶಿಯವನ ಮುಖ ಅವನ ಅನ್ನಕ್ಕಿಂತ ಬೆಳ್ಳಗಾಯಿತು. ಗಲ್ಲಾದ ಹಿಂದೆ ಬಟ್ಟೆ ಹಿಂಡುವುದು ನಿಂತಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಏನಾದರೂ ಒಂದು ಮಾತು ಆಡಲೇಬೇಕಾಯಿತು. ಅನ್ನ ಚೆನ್ನಾಗಿದೆ, ಇಷ್ಟು ಹೇಳಿ ಎದ್ದು ಹೋಗೋಣ ಅಂದುಕೊಂಡೆ. ಸುಶಿಯವನ ಕಡೆ ನೋಡಿ ಬಾಯಿಯನ್ನು ಕೂದಲೆಳೆಯಷ್ಟು ತೆರೆದೆ. ಚೂರು ಹೊರಗೆ ಜಾರದಂತೆ ನಾಲಿಗೆ ತಾನಾಗಿ ಮೇಲಕ್ಕೆ ಮಡಚಿಕೊಂಡಿತು. ನಮ್ಮ ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

"ಅಣ್ಣ," ಎಂದೆ.

ಮುಂದಿನ ಮಾತು ಬರಲಿಲ್ಲ. ಚೂರು ಜಾರಿತು, ಬಾಯಿ ಮುಚ್ಚಿದೆ.

ಸುಶಿಯವನು ಕೈಯಲ್ಲಿದ್ದ ಚಾಕುವನ್ನು ಮೆಲ್ಲಗೆ ಕೆಳಗಿಟ್ಟ.

"ಅಣ್ಣ ಅಂದ," ಎಂದಿತು ಅಜ್ಜಿ. ಯಾರು ಏನು ಕೂಗಿದರೂ ಕೇಳಿಸದ ಅಜ್ಜಿಗೆ ಅದೊಂದು ಕೇಳಿಸಿತ್ತು. "ತನಗಿಂತ ಚಿಕ್ಕೋನನ್ನ ಅಣ್ಣ ಅಂದ ಕಣ್ರೇ. ಆ ಸಿಡುಕುಮೂತಿ ಮನುಷ್ಯ. ನಂಗೇ ಇವತ್ತಿಗೂ ನಮಸ್ಕಾರ ಅಂದಿಲ್ಲ."

"ಅನ್ನ ಅಂದಿದ್ದು," ಎಂದರು ಮ್ಯಾನೇಜರು. "ಅಣ್ಣ ಅಲ್ಲ. ಅನ್ನದಲ್ಲಿ ಏನೋ ಇದೆ ಅಂತ ಹೇಳೋಕೆ ಹೊರಟಿದ್ರು."

ಆ ದಿನ ಆ ಅಂಗಡಿಯಲ್ಲಿ ಹೆಚ್ಚುಕಡಿಮೆ ಸತ್ಯ ಹೇಳಿದವರು ಅವರೊಬ್ಬರೇ. ಅವರನ್ನು ಎಲ್ಲರೂ ನೋಡಿದ ನೋಟ ನೋಡಿ ನನಗೇ ಅಯ್ಯೋ ಅನ್ನಿಸಿತು.

ಮೇಡಂ ಕನ್ನಡಕ ಏರಿಸಿದರು. "ಸರಿಯಾಗಿ ಹೇಳ್ಬಿಡಿ. ಅನ್ನ ಅಂದ್ರಾ, ಅಣ್ಣ ಅಂದ್ರಾ?"

ನಾನು ಮೈಯೆಲ್ಲ ಬಿಗಿ ಹಿಡಿದು ಸ್ಪಷ್ಟವಾಗಿ ಅನ್ನ ಎನ್ನಲು ಹೊರಟೆ.

"ಅಣ್ಣ," ಎಂದಿತು ನನ್ನ ಬಾಯಿ.

ಕಣ್ಣಿನಿಂದ ಮತ್ತೆರಡು ಹನಿ ಉದುರಿತು. ಆಮೇಲೆ ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ. ಕರಾರು ಮುಂದುವರಿಯಿತೆಂದು ಮೇಡಂ ಸಾರಿದರು. ಜನ ಕಟ್ಟೆಗೆ ಮುಗಿಬಿದ್ದರು. ಮ್ಯಾನೇಜರ ಹೆಂಡತಿಯೇ ಒಂದು ತಟ್ಟೆ ಹಿಡಿದು ನಿಂತದ್ದನ್ನು ಕಣ್ಣಾರೆ ನೋಡಿದೆ. ಯಾರೋ ನನ್ನ ಬೆನ್ನು ಗುದ್ದಿದರು. ಆ ಗುದ್ದಿಗೆ ಚೂರು ಗಂಟಲಿಗೆ ಇಳಿಯುವುದರಲ್ಲಿತ್ತು. ನಾನು ಕುರ್ಚಿಯಿಂದ ಜಿಗಿದು ಹಿಂದಿನ ಅಡುಗೆಮನೆಗೆ ನುಗ್ಗಿದೆ.

ಸುಶಿಯವನು ಹಿಂದೆಯೇ ಬಂದ. ನಾನು ಅಂಗೈಗೆ ಉಗಿದು ಅವನ ಮುಂದೆ ಹಿಡಿದೆ.

"ನೋಡಯ್ಯಾ. ನಿನ್ನ ಅನ್ನಕ್ಕೆ ಕಲ್ಲು ಹಾಕಿದೋನು ನಾನೇ. ಕುಕ್ಕರ್ ಬೆಸುಗೆ ಹಾಕುವಾಗ ಸಿಡಿದಿದ್ದು. ಒಳಗೆ ಇನ್ನೆಷ್ಟು ಇದೆಯೋ. ಆ ಅನ್ನ ಯಾರಿಗೂ ಕೊಡ್ಬೇಡ, ಎಲ್ಲ ಚೆಲ್ಲು. ಹೊರಗೆ ಹೋಗಿ ನಾನೇ ಹೇಳ್ತೀನಿ, ತಪ್ಪು ನಂದು ಅಂತ."

ಅವನು ಗಾಬರಿಯಾಗಲಿಲ್ಲ. ಆ ಚೂರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಕಿಟಕಿಯ ಬೆಳಕಿಗೆ ಒಡ್ಡಿ ತಿರುಗಿಸಿ ನೋಡಿದ.

"ಅಣ್ಣ, ಬೆಸುಗೆ ಇರೋದು ತಳದ ಹೊರಗೆ. ಅನ್ನದ ಪಾತ್ರೆ ಬೇರೆ, ಅದು ಮನೆಯಲ್ಲೇ ಇತ್ತು, ನಿಮ್ಮ ಅಂಗಡಿಗೆ ಬಂದೇ ಇಲ್ಲ."

"ಮತ್ತೆ ಇದೇನು?"

"ಇದು ಹಲ್ಲು."

"ಯಾರ ಹಲ್ಲು?" ಎಂದು ಗುಡುಗಿದೆ. ಅನ್ನದಲ್ಲಿ ಯಾರದೋ ಹಲ್ಲು ಬಂದಿದೆಯೆಂದು ಮೈಯೆಲ್ಲ ಉರಿಯಿತು.

ಅವನು ನನ್ನ ಬಾಯಿಯ ಬಲಗಡೆಗೆ ಬೆರಳು ತೋರಿಸಿದ. ನಾಲಿಗೆ ಆಡಿಸಿ ನೋಡಿಕೊಂಡೆ. ಹಿಂದಿನ ದವಡೆಯಲ್ಲಿ ಒಂದು ಗುಂಡಿ ಇತ್ತು. ಯಾವ ಕಾಲದಲ್ಲೋ ಒಂದು ಹಲ್ಲಿಗೆ ಲೋಹದ ಕ್ಯಾಪು ಹಾಕಿಸಿದ್ದೆ. ಅದು ಅರ್ಧ ಹಲ್ಲಿನ ಸಮೇತ ಎದ್ದು ಬಂದಿತ್ತು.

"ನನ್ನ ಅನ್ನಕ್ಕೆ ಹೋಗಿದ್ದಲ್ಲ ಇದು," ಎಂದ ಅವನು, ಮೊದಲ ಸಲ ಸ್ವಲ್ಪ ಗಟ್ಟಿ ದನಿಯಲ್ಲಿ. "ಅಷ್ಟು ಮೆತ್ತಗಿತ್ತು. ಇದು ಮೊದ್ಲೇ ಅಲ್ಲಾಡ್ತಿದ್ದಿರ್ಬೇಕು. ನೀವು ತಂತಿ ಕಚ್ತೀರಲ್ಲ."

ನನಗೆ ನಗಬೇಕೋ, ಅವನನ್ನು ಬೈಯಬೇಕೋ ತಿಳಿಯಲಿಲ್ಲ. ಅಂಗಡಿಯೇನೋ ಉಳಿಯಿತು, ಆದರೆ ಇನ್ನೊಂದು ತಪ್ಪನ್ನು ಇಲ್ಲೇ ತಿದ್ದಿಬಿಡೋಣ ಅಂದುಕೊಂಡೆ. "ಇನ್ನೊಂದು ಮಾತು," ಎಂದೆ. "ಆಗ ನಾನು ಅಂದಿದ್ದು…"

ಅಷ್ಟರಲ್ಲಿ ಅವನ ಹೆಂಡತಿ ಒಳಗೆ ಬಂದಳು. ನನ್ನ ಕಾಲಿಗೆ ಬೀಳುವವಳಂತೆ ಬಗ್ಗಿದಳು, ನಾನು ಹಿಂದೆ ಸರಿದೆ.

"ಇವರು ಮನೆಗೆ ಕೊನೇ ಮಗ," ಎಂದಳು. "ಆರು ಜನ ಅಣ್ಣಂದಿರು. ಹುಟ್ಟಿದಾಗಿನಿಂದ ಲೋ, ಬಾರೋ, ತಗೊಂಡು ಬಾರೋ, ಅಷ್ಟೇ. ಓಣಿಯ ಮಕ್ಕಳೂ ಹೆಸರು ಹಿಡಿದೇ ಕೂಗೋರು. ಇವರನ್ನ ಇವತ್ತಿನ ತನಕ ಯಾರೂ ಅಣ್ಣ ಅಂದಿರ್ಲಿಲ್ಲ. ಅದೂ ಇಷ್ಟು ಜನರ ಮುಂದೆ."

ಸುಶಿಯವನು ನಲ್ಲಿ ನಿಲ್ಲಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದ. ನಲ್ಲಿ ಆಗಲೇ ನಿಂತಿತ್ತು.

"ಏನೋ ಹೇಳ್ತಿದ್ರಿ," ಎಂದಳು ಆಕೆ.

"ಹಲ್ಲು ಕೊಡಿ, ಹೋಗ್ಬೇಕು," ಎಂದೆ.

ಮಾರನೆಯ ದಿನ ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಮಲಗಿದ್ದೆ. ಆಕೆ ಬಾಯಿಯೊಳಗೆ ಕನ್ನಡಿ, ಹತ್ತಿ, ಇಕ್ಕಳ ಎಲ್ಲ ತುಂಬಿದ ಮೇಲೆ ಮಾತು ಶುರು ಮಾಡಿದಳು.

"ನೀವೇ ಅಲ್ವಾ, ಒಂದು ತುತ್ತು ತಿಂದು ಕಣ್ಣೀರು ಹಾಕಿದ್ದು? ಅಲ್ಲಿ ಅಷ್ಟು ಚೆನ್ನಾಗಿರುತ್ತಾ?"

"ಆ," ಎಂದೆ. ಬೇರೆ ಏನು ಹೇಳಲಿ?

"ಹಾಗಾದ್ರೆ ಈ ವಾರ ಹೋಗ್ಬೇಕು," ಎಂದಳು. ಬೇರು ತೆಗೆದು ಹತ್ತಿ ಕಚ್ಚಿಸಿದಳು. ಹೊರಗೆ ಕೂತಿದ್ದ ನನ್ನ ಹೆಂಡತಿಗೆ ಆಜ್ಞೆಯಾಯಿತು. "ಗಾಯ ಮಾಗೋವರೆಗೂ ಗಟ್ಟಿ ಏನೂ ಬೇಡ. ಬಿಸಿನೂ ಬೇಡ. ತಣ್ಣಗೆ, ಮೆತ್ತಗೆ ಇರೋದು ಕೊಡಿ. ಮೆತ್ತಗಿನ ಅನ್ನ, ಮೀನು, ಅಂಥದ್ದು."

"ಕೆಳಗೇ ಇದೆಯಲ್ಲ," ಎಂದಳು ನನ್ನವಳು ನನ್ನ ಕಡೆ ನೋಡದೆ.

ಅಂತೂ ಮಧ್ಯಾಹ್ನ ನನ್ನ ಅಂಗಡಿಗೆ ಬೀಗ ಹಾಕಿ ನಾನು ಆ ಎತ್ತರದ ಕುರ್ಚಿ ಹತ್ತಿ ಕೂರುವುದು ವಾಡಿಕೆಯಾಯಿತು. ನಾನು ಕೂತಿದ್ದೇನೆಂದು ಜನ ಬಂದು ಕೂರುತ್ತಾರೆ. ಹಸಿರು ಉಂಡೆಯನ್ನು ನನ್ನ ತಟ್ಟೆಯಲ್ಲಿ ಇಡಬಾರದೆಂದು ಕಟ್ಟಪ್ಪಣೆ ಮಾಡಿದ್ದೇನೆ. ಅದೂ ತಿಳಿದವರ ಲಕ್ಷಣ ಅಂತ ಈಗ ಅರ್ಧ ಕಟ್ಟಡ ಅದನ್ನು ಮುಟ್ಟುವುದಿಲ್ಲ. ಮ್ಯಾನೇಜರ ಅಳಿಯನಿಗೆ ಬೇರೆ ಕಡೆ ಜಾಗ ಸಿಕ್ಕಿತು. ಮ್ಯಾನೇಜರು ಲಿಫ್ಟಿನಲ್ಲಿ ಸಿಕ್ಕರೆ, "ಅನ್ನ ಅಂದಿದ್ದಲ್ವೇನ್ರೀ, ನಿಜ ಹೇಳಿ," ಅನ್ನುತ್ತಾರೆ. ನಾನು ಮಹಡಿ ಬರುವ ತನಕ ಸುಮ್ಮನಿದ್ದು ಇಳಿದು ಹೋಗುತ್ತೇನೆ.

ಮೊನ್ನೆ ಅಂಗಡಿಯಲ್ಲಿ ಹೊಸ ಮುಖಗಳಿದ್ದವು. ಸುಶಿಯವನು ಅವರಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಅನುಮಾನ ಬಂದವನಂತೆ ನಿಲ್ಲಿಸಿದ. ಮ್ಯಾನೇಜರು ಅವನ ಕಿವಿಯಲ್ಲೂ ಊದಿರಬೇಕು. ನನ್ನ ಹತ್ತಿರ ಬಂದು ತಟ್ಟೆ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದ.

"ಆವತ್ತು ನೀವು ಅಂದಿದ್ದು… ಅನ್ನ ಅಂತನಾ?"

ಹೊಸಬರು ಕಿವಿ ನಿಮಿರಿಸಿದರು. ಗಲ್ಲಾದಲ್ಲಿ ಅವನ ಹೆಂಡತಿ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದಳು. ನನಗೆ ಸುಸ್ತಾಗಿತ್ತು. ಬೆಳಿಗ್ಗೆಯಿಂದ ಎರಡು ಪಂಪು ಬಿಚ್ಚಿದ್ದೆ. ಈಗ ಬಾಯಲ್ಲಿ ಚೂರಿಲ್ಲ, ಕಲ್ಲಿಲ್ಲ, ಕಣ್ಣಲ್ಲಿ ನೀರಿಲ್ಲ. ತಪ್ಪಿಸಿಕೊಳ್ಳಲು ಲಿಫ್ಟಿನ ಬಾಗಿಲೂ ಇಲ್ಲ.

ತಟ್ಟೆಯನ್ನು ಅವನ ಕಡೆ ತಳ್ಳಿದೆ. ಮೊದಲು ನಾಲಿಗೆಯನ್ನು ಹಲ್ಲಿಗೆ ತಾಗಿಸಿದೆ, ಆಮೇಲೆ ಮೇಲಕ್ಕೆ ಮಡಚಿದೆ, ಮೇಷ್ಟ್ರು ಹೇಳಿಕೊಟ್ಟ ಹಾಗೆ, ಒಂದರಲ್ಲೂ ತಪ್ಪಿಲ್ಲದೆ.

"ಇನ್ನೊಂದು ಸ್ವಲ್ಪ ಅನ್ನ ಹಾಕು, ಅಣ್ಣ," ಎಂದೆ.